ಹುಳ ಹಣ್ಣಾದ ದಿನ ಎಬ್ಬಿಸಿದ ಕಂಪ್ಯೂಟರ್

ನನ್ನ ಹೆಂಡತಿ ಲತಾಮಣಿಯನ್ನು ಹೊಂಗನೂರಿನಲ್ಲಿ ಈಗಲೂ ಕಂಪ್ಯೂಟರ್ ಮಿಸ್ ಅಂತಲೇ ಕರೆಯುತ್ತಾರೆ. ಆಕೆ ಕಂಪ್ಯೂಟರ್ ಪಾಠ ನಿಲ್ಲಿಸಿ ಹದಿನೈದು ವರ್ಷವಾಯಿತು. ಆ ಹದಿನೈದು ವರ್ಷವೂ ನನ್ನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆ ಹುಳ ಸಾಕಿ, ಗೂಡು ಬಿಡಿಸಿದ್ದಾಳೆ. ಆದರೂ ಡೇರಿಗೆ ಹಾಲು ಹಾಕಲು ಹೋದರೆ 'ಮಿಸ್ ಬಂದ್ರು, ದಾರಿ ಬುಡ್ರೋ' ಅನ್ನುತ್ತಾರೆ. ನಾನು ಹುಟ್ಟಿದ್ದೇ ಈ ಊರಲ್ಲಿ. ಬಾಲರಾಜು ಬಂದ ಅಂತ ಇವತ್ತಿನವರೆಗೆ ಒಬ್ಬನೂ ದಾರಿ ಬಿಟ್ಟಿಲ್ಲ.

ಆಕೆ ಚನ್ನಪಟ್ಟಣದ ಪೇಟೆ ಹುಡುಗಿ. ಅಪ್ಪ ಗೊಂಬೆಗೆ ಅರಗಿನ ಬಣ್ಣ ಹಾಕುವವರು. 2001ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಗೊಂಬೆ ಅಂಗಡಿಯೊಂದರ ಮಹಡಿಯ ಮೇಲೆ ಮೂರು ಕಂಪ್ಯೂಟರ್ ಇಟ್ಟುಕೊಂಡು ತರಬೇತಿ ಕೇಂದ್ರ ತೆರೆದಳು. ಬೆಂಗಳೂರಿನಿಂದ ಬಿಡಿಭಾಗ ತಂದು ಮೂರನ್ನೂ ತಾನೇ ಜೋಡಿಸಿದ್ದು. ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ಹುಡುಗಿಯರಿಗೆ ಮೌಸ್ ಹಿಡಿಯುವುದರಿಂದ ಶುರುಮಾಡಿ ಎಲ್ಲ ಕಲಿಸಿದಳು. 2008ರಲ್ಲಿ ನನ್ನನ್ನು ಮದುವೆಯಾದಳು. ಯಾಕೆ ಆದಳೋ ನನಗೂ ಸರಿಯಾಗಿ ಗೊತ್ತಿಲ್ಲ, ಕೇಳುವ ಧೈರ್ಯವೂ ಮಾಡಿಲ್ಲ. ಮದುವೆಯ ಮೇಲೂ ಎರಡು ವರ್ಷ ದಿನಾ ಬಸ್ಸಿನಲ್ಲಿ ಹೋಗಿ ಬಂದಳು. ಅಷ್ಟರಲ್ಲಿ ಶಾಲೆ ಕಾಲೇಜುಗಳಲ್ಲೇ ಕಂಪ್ಯೂಟರ್ ಬಂದವು, ಮಕ್ಕಳು ಕಡಿಮೆಯಾದರು, ಕೇಂದ್ರ ಮುಚ್ಚಿದಳು.

ಎರಡು ಗುಣ ಮಾತ್ರ ಅಲ್ಲಿಂದ ಹಾಗೇ ಹೊತ್ತು ತಂದಳು. ಒಂದು, ಕೆಟ್ಟ ವಸ್ತು ಕಂಡರೆ ಬಿಚ್ಚದೆ ಬಿಡುವುದಿಲ್ಲ. ಊರಿನ ಮಿಕ್ಸಿಗಳೆಲ್ಲ ನಮ್ಮ ಜಗಲಿಗೆ ಬಂದು ಹೋಗಿವೆ. ಇನ್ನೊಂದು, ಹೊತ್ತು ಅಂದರೆ ಹೊತ್ತು. ನಾನು ಊಟಕ್ಕೆ ಹತ್ತು ನಿಮಿಷ ತಡವಾಗಿ ಬಂದರೆ ಮುದ್ದೆಗಿಂತ ಆಕೆಯ ಮುಖ ಬಿಸಿಯಾಗಿರುತ್ತದೆ.

ಈ ವರ್ಷ ಜೂನ್ ತಿಂಗಳ ಒಂದು ಶುಕ್ರವಾರ ನಮ್ಮ ಮನೆಯಲ್ಲಿ ಹುಳ ಹಣ್ಣಾದವು. ಹುಳ ಸಾಕದವರಿಗೆ ಇದು ಅರ್ಥವಾಗಬೇಕು, ಇಲ್ಲದಿದ್ದರೆ ಅವತ್ತು ನಾನು ಆಡಿದ ಆಟವೆಲ್ಲ ಹುಚ್ಚು ಅನ್ನಿಸುತ್ತದೆ. ಹಣ್ಣಾದ ಹುಳ ಸೊಪ್ಪು ತಿನ್ನುವುದನ್ನು ಬಿಡುತ್ತದೆ. ಮೈ ದ್ರಾಕ್ಷಿಯ ಹಾಗೆ ತಿಳಿಯಾಗುತ್ತದೆ. ತಲೆ ಎತ್ತಿ ಅತ್ತ ಇತ್ತ ಆಡಿಸುತ್ತದೆ. ಆಗ ಅದನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರ ತಟ್ಟಿಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಕಟ್ಟಿದ್ದೇ ಚಂದ್ರಿಕೆ, ಅದರ ಸಂದಿನಲ್ಲಿ ಹುಳ ಗೂಡು ಕಟ್ಟುತ್ತದೆ. ನಾವು ತಡಮಾಡಿದರೆ ಅದು ಕಾಯುವುದಿಲ್ಲ, ಕೂತಲ್ಲೇ, ಹಿಕ್ಕೆಯ ಮೇಲೇ ನೂಲು ಬಿಡುತ್ತದೆ. ಆ ಕೊಳಕು ಗೂಡನ್ನು ರಾಮನಗರದ ಮಾರುಕಟ್ಟೆಯಲ್ಲಿ ಮೂಸಿ ನೋಡುವವರಿಲ್ಲ. ಇಪ್ಪತ್ತೈದು ದಿನ ಮಗುವಿನ ಹಾಗೆ ಸಾಕಿದ್ದು ಒಂದು ದಿನದ ಸೋಮಾರಿತನಕ್ಕೆ ಹೋಗುತ್ತದೆ.

ನಾವು ಅವರ ಮನೆಗೆ ದುಡಿದದ್ದಕ್ಕೆ ಬದಲಾಗಿ ಬರುತ್ತೇವೆಂದಿದ್ದ ಮುಯ್ಯಾಳುಗಳು ಇಬ್ಬರೂ ಕೈಕೊಟ್ಟರು. ಅವರದೂ ನಮ್ಮದೂ ಒಂದೇ ದಿನ ತಂದ ಹುಳದ ಮರಿ, ಅವರ ಮನೆಯಲ್ಲೂ ಅವತ್ತೇ ಹಣ್ಣಾಗಿದ್ದವು. ಅಂತೂ ನಲವತ್ತು ಸಾವಿರ ಹುಳಕ್ಕೆ ನಾನು, ಲತಾಮಣಿ, ಎಪ್ಪತ್ತನಾಲ್ಕು ವರ್ಷದ ನಮ್ಮವ್ವ ಚಿಕ್ಕಲಕ್ಷ್ಮಮ್ಮ, ಮೂರೇ ಜನ; ಮಗಳಿಗೆ ಶಾಲೆ. ನಸುಕಿನಿಂದಲೇ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಏಳೂ ಮುಕ್ಕಾಲಿನ ಬಸ್ಸಿಗೆ ಒಬ್ಬಳು ಹೆಂಗಸು ಇಳಿದು ನೇರ ನಮ್ಮ ಹುಳದ ಮನೆಯ ಬಾಗಿಲಿಗೇ ಬಂದಳು. ಮೂವತ್ತೈದು ದಾಟಿರಬೇಕು. ಇಸ್ತ್ರಿ ಮಾಡಿದ ಚೂಡಿದಾರ, ಕೈಯಲ್ಲಿ ಪ್ಲಾಸ್ಟಿಕ್ ಫೈಲು.

"ಯಾರವ್ವ ಅದು? ಕಾಲ್ ತೊಳ್ಕಂಡು ಬಾ, ಬ್ಲೀಚಿಂಗ್ ಪೌಡ್ರು ನೀರು ಅಲ್ಲೈತೆ. ಸೆಂಟು ಗಿಂಟು ಹಾಕ್ಕಂಡಿಲ್ಲ ತಾನೆ?" ಅಂದಳು ನಮ್ಮವ್ವ.

"ಇಲ್ಲ ಅಜ್ಜಿ. ಹುಳದ ಮನೆ ಅಂತ ಗೊತ್ತಿತ್ತು" ಅಂದ ಆಕೆ ಕಾಲು ತೊಳೆದು ಹೊಸ್ತಿಲಲ್ಲಿ ನಿಂತಳು. "ಮಿಸ್, ನಾನು ಭಾನುಪ್ರಿಯ. ಎರಡ್ಸಾವ್ರದ ಏಳ್ನೇ ಇಸ್ವಿ ಬ್ಯಾಚು. ನಿಮ್ಮ ಸೆಂಟರ್ ಸರ್ಟಿಫಿಕೇಟು ಕಳ್ದೋಗೈತೆ. ಇನ್ನೊಂದು ಬರ್ಕೊಟ್ರೆ ಪುಣ್ಯ ಬತ್ತದೆ. ಇವತ್ತೇ ಬೇಕು."

ವಿಷಯ ಇಷ್ಟು. ಆಕೆ ಚನ್ನಪಟ್ಟಣದಲ್ಲಿ ಮನೆ ಮಾಡಿಕೊಂಡಿದ್ದಾಳೆ, ಗಂಡ ಆಟೋ ಓಡಿಸುತ್ತಾನೆ. ಒಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಹೊಲಿದಿದ್ದಾಳೆ. ಬಟ್ಟೆಯ ಧೂಳು ಎದೆಗೆ ಹಿಡಿದು ಈಗ ಮೆಟ್ಟಿಲು ಹತ್ತಿದರೆ ಉಬ್ಬಸ. ಅಲ್ಲಿ ಹೋಗುವುದನ್ನು ನಿಲ್ಲಿಸದಿದ್ದರೆ ಔಷಧಿ ಕೊಟ್ಟು ಪ್ರಯೋಜನವಿಲ್ಲ ಅಂದಿದ್ದಾರೆ ಡಾಕ್ಟರು. ರಾಮನಗರದಲ್ಲಿ ಗೂಡು ಬೆಳೆಯುವವರ ಸಂಘವೊಂದಕ್ಕೆ ಕಂಪ್ಯೂಟರ್ ಕೆಲಸಕ್ಕೆ ಜನ ಬೇಕಾಗಿದೆ, ಮಧ್ಯಾಹ್ನ ಮೂರಕ್ಕೆ ಸಂದರ್ಶನ. ಯಾವುದಾದರೂ ಕೇಂದ್ರದ ಸರ್ಟಿಫಿಕೇಟ್ ಇರಲೇಬೇಕು. ಕಲಿತವಳು ಅನ್ನುವುದಕ್ಕೆ ಆಕೆಯ ಬಳಿ ಇನ್ಯಾವ ಕಾಗದವೂ ಇಲ್ಲ.

ಲತಾಮಣಿ ಆಕೆಯ ಮುಖವನ್ನೇ ನೋಡಿದಳು. ನೆನಪಾಗಲಿಲ್ಲ ಅಂತ ನನಗೆ ಗೊತ್ತಾಯಿತು.

"ದಾಖಲೆ ನೋಡದೆ ನಾನು ಯಾರಿಗೂ ಸಹಿ ಹಾಕಲ್ಲ ಭಾನುಪ್ರಿಯ."

"ಲೇ, ಎರಡು ಗೆರೆ ಬರ್ದು ಕಳ್ಸಮ್ಮಿ. ಇಲ್ಲಿ ಹುಳ ತಲೆ ಎತ್ಕಂಡು ಕುಂತವೆ" ಅಂದೆ.

"ಆರುನೂರ ಹನ್ನೊಂದು ಮಕ್ಕಳಿಗೆ ಕೊಟ್ಟಿದೀನಿ ಕಣ್ರೀ. ಒಂದೂ ಸುಳ್ಳಲ್ಲ. ಇದನ್ನ ಸುಳ್ಳು ಮಾಡ್ಲಾ?"

ಆದರೆ ದಾಖಲೆ ಎಲ್ಲಿದೆ? ಪುಸ್ತಕದಲ್ಲಿದ್ದದ್ದನ್ನು ಗೆದ್ದಲು ತಿಂದು ಹತ್ತು ವರ್ಷವಾಯಿತು. ಉಳಿದದ್ದು ಕಂಪ್ಯೂಟರಿನಲ್ಲಿ. ಮೂರರಲ್ಲಿ ಎರಡನ್ನು ಗುಜರಿಗೆ ಹಾಕಿದ್ದೆವು. ಮೂರನೆಯದು, ತಾನು ಮೊಟ್ಟಮೊದಲು ಜೋಡಿಸಿದ್ದು ಅಂತ, ಲತಾಮಣಿ ಉಳಿಸಿಕೊಂಡಿದ್ದಳು. ಅದು ಇದ್ದದ್ದು ಇದೇ ಹುಳದ ಮನೆಯ ಅಟ್ಟದ ಮೇಲೆ.

ನಾನು ಏಣಿ ಹತ್ತಿ ಇಳಿಸಿದೆ. ಟಿವಿಯಂಥ ಆ ಪರದೆ ಒಂದು ಕುರಿಮರಿಯಷ್ಟು ತೂಕ. ಡಬ್ಬ ಒಂದು ಕಾಲಕ್ಕೆ ಬೆಳ್ಳಗಿತ್ತಂತೆ, ಈಗ ಹಳೆಯ ಹಲ್ಲಿನ ಬಣ್ಣ. ಪ್ರತಿ ಆಯುಧಪೂಜೆಗೂ ನಮ್ಮವ್ವ ಇಟ್ಟ ಅರಿಸಿನ ಕುಂಕುಮ ಅದರ ಹಣೆಯ ಮೇಲೆ ಪದರ ಪದರವಾಗಿ ಕೂತಿತ್ತು. ಫ್ಲಾಪಿ ಹಾಕುವ ಸೀಳಿನಲ್ಲಿ ಒಂದು ಒಣ ಸೇವಂತಿಗೆ ಸಿಕ್ಕಿತು. ಹದಿನೈದು ವರ್ಷದಲ್ಲಿ ಅದನ್ನು ಪೂಜೆ ಮಾಡಿದ್ದೆವೇ ಹೊರತು ಒಂದು ಸಲವೂ ಚಾಲೂ ಮಾಡಿರಲಿಲ್ಲ.

ಹುಳದ ಮನೆಯಲ್ಲಿ ಬಿಚ್ಚಬೇಡ ಅಂದೆ. ಅದನ್ನು ಒರೆಸುವುದಕ್ಕೆ ಸ್ಪಿರಿಟ್ ಬೇಕು ಅಂತಿದ್ದಳು, ಆ ವಾಸನೆ ಹುಳಕ್ಕೆ ಆಗಿಬರುವುದಿಲ್ಲ. ಕೊನೆಗೆ ದನದ ಕೊಟ್ಟಿಗೆಗೆ ಸಾಗಿಸಿ, ಮೋಟಾರ್ ಮನೆಯಿಂದ ವೈರು ಎಳೆದು, ಬೂಸಾ ಡ್ರಮ್ಮಿನ ಮೇಲೆ ಹಲಗೆ ಹಾಕಿ ಇಟ್ಟೆವು. ಆಗ ಎಂಟೂವರೆ.

ಲತಾಮಣಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ವೈರಿನ ಪಿನ್ನುಗಳನ್ನು ಬ್ಲೇಡಿನಿಂದ ಕೆರೆದು ಮತ್ತೆ ಒತ್ತಿದಳು. ಒಳಗೆ ಫ್ಯಾನು ಗೊರ ಗೊರ ತಿರುಗಿತು. ಪರದೆ ಮಾತ್ರ ಕಪ್ಪು. ಆಮೇಲೆ ಕೂಗಲು ಹತ್ತಿತು ನೋಡಿ, ಬೀಪ್ ಅಂತ ಉದ್ದಕ್ಕೆ ಒಂದು, ಬಿಟ್ಟು ಇನ್ನೊಂದು. ಹಸು ಕಣ್ಣಿ ಕಿತ್ತುಕೊಳ್ಳಲು ನೋಡಿತು.

"ಉದ್ದ ಕೂಗು ಅಂದ್ರೆ ಮೆಮೊರಿ. ಡಿಸ್ಕ್ ಅಲ್ಲ. ಒಳ್ಳೇದೇ" ಅಂದಳು. ಆಕೆಯ ಕಣ್ಣಲ್ಲಿ ಹದಿನೈದು ವರ್ಷದ ಹಿಂದಿನ ಹೊಳಪು. ನಲವತ್ತು ಸಾವಿರ ಹುಳ ಒಳಗಿವೆ, ಇವಳಿಗೆ ಒಂದು ಡಬ್ಬ ಕೂಗಿದ್ದಕ್ಕೆ ಖುಷಿ!

ಭಾನುಪ್ರಿಯ ಎರಡು ನಿಮಿಷ ಕೊಟ್ಟಿಗೆಯಲ್ಲಿ ನಿಂತಳು, ಸೆರಗಿನ ಹಾಗೆ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿದಳು. "ಅಣ್ಣ, ನಾನೂ ಆರಿಸ್ಲಾ? ಸುಮ್ನೆ ನಿಂತ್ರೆ ಜೀವ ತಡೆಯಕ್ಕಿಲ್ಲ" ಅಂತ ಹುಳದ ಮನೆಗೆ ಬಂದಳು. ಕೂತ ಮೇಲೆ ಆಕೆಯ ಕೈ ನೋಡಬೇಕಿತ್ತು. ಕಾಯಿ ಯಾವುದು ಹಣ್ಣು ಯಾವುದು ಅಂತ ನೋಡುವುದಕ್ಕೆ ಮೊದಲೇ ಬೆರಳಿಗೆ ತಿಳಿಯುತ್ತಿತ್ತು. ನಾನು ಒಂದು ಚಂದ್ರಿಕೆ ತುಂಬುವಷ್ಟರಲ್ಲಿ ಆಕೆ ಎರಡು ತುಂಬಿದಳು.

"ಹುಳದ ಮನೇಲಿ ಹುಟ್ಟಿದೋಳು ಕಣ್ಲಾ ಇವ್ಳು" ಅಂದಳು ಅವ್ವ. ಆದರೆ ಕೊಟ್ಟಿಗೆಯಿಂದ ಬೀಪ್ ಕೇಳಿದಾಗಲೆಲ್ಲ ಭಾನುಪ್ರಿಯ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಪಾಪ, ಎಷ್ಟು ಆಸೆ ಅಂದುಕೊಂಡೆ.

ಒಂಬತ್ತೂವರೆಗೆ ಲತಾಮಣಿ ನನ್ನನ್ನು ಕೂಗಿದಳು. ಕೂಗಿದ ದನಿ ಸರಿಯಿರಲಿಲ್ಲ. ಹೋದೆ. ಡಬ್ಬದ ಪಕ್ಕೆ ಬಿಚ್ಚಿತ್ತು. ಒಳಗೆಲ್ಲ ಬೂದಿ ಚೆಲ್ಲಿದ ಹಾಗೆ ಬಿಳಿ ಪುಡಿ. ತಾಮ್ರ ಇದ್ದಲ್ಲೆಲ್ಲ ಹಸಿರು ಕಿಲುಬು.

"ಇದೇನ್ರೀ ಇದು? ಧೂಳು ಹೀಗಿರಲ್ಲ."

ನಾನು ತಲೆ ಕೆರೆದೆ. ಪ್ರತಿ ಬೆಳೆ ಮುಗಿದ ಮೇಲೆ ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ನೀರು ಹೊಡೆಯಬೇಕು, ರೋಗ ಉಳಿಯಬಾರದು. ನೆಲ, ಗೋಡೆ, ಸೂರು, ತಟ್ಟೆ, ಸ್ಟ್ಯಾಂಡು, ಒಂದು ಮೂಲೆಯೂ ಬಿಡಬಾರದು ಅಂತ ಇಲಾಖೆಯವರು ಹೇಳಿಕೊಟ್ಟಿದ್ದು. ನಾನು ಅಟ್ಟದ ಮೇಲಿನ ಕಂಪ್ಯೂಟರನ್ನೂ ಬಿಟ್ಟಿರಲಿಲ್ಲ. ಹಿಂದುಗಡೆಯ ಫ್ಯಾನಿನ ತೂತಿನೊಳಕ್ಕೇ ಪೈಪು ಇಟ್ಟು ಹೊಡೆಯುತ್ತಿದ್ದೆ. ಅಲ್ಲಿ ರೋಗ ಸೇರಿಕೊಂಡರೆ ಯಾರಿಗೆ ಬೇಕು? ವರ್ಷಕ್ಕೆ ಆರು ಬೆಳೆ. ಹದಿನೈದು ವರ್ಷ.

"ನೀವು ಇದಕ್ಕೆ ಔಷಧಿ ಹೊಡೆದ್ರಾ?" ಅಂತ ಕೇಳಿದಳು.

"ಹುಳದ ಮನೇಲಿರೋ ವಸ್ತು ಅಲ್ವಾ" ಅಂದೆ.

ಮಗಳ ಹಳೆಯ ಪೆನ್ಸಿಲ್ ಡಬ್ಬಿಯಿಂದ ರಬ್ಬರ್ ತಂದುಕೊಡಿ, ಹಳೆಯ ಹಲ್ಲುಜ್ಜುವ ಬ್ರಷ್ ತಂದುಕೊಡಿ ಅಂದಳು, ತಂದುಕೊಟ್ಟೆ. ಮೆಮೊರಿ ಅಂದರೆ ಬಾಚಣಿಗೆಯಷ್ಟು ಉದ್ದದ ಎರಡು ಪಟ್ಟಿ. ಅವುಗಳ ಹಲ್ಲನ್ನು ರಬ್ಬರಿನಿಂದ ತಿಕ್ಕಿದಳು, ಕೂರುವ ಸಂದನ್ನು ಸ್ಪಿರಿಟ್ ಅದ್ದಿದ ಬ್ರಷ್ಷಿನಿಂದ ಉಜ್ಜಿದಳು, ಎರಡನ್ನೂ ಕೂರಿಸಿ ಒತ್ತಿದಳು. ಬೀಪ್. ತೆಗೆದಳು, ತಿಕ್ಕಿದಳು. ಬೀಪ್. ಒಂದನ್ನು ಮಾತ್ರ ಇಟ್ಟಳು. ಬೀಪ್. ಇನ್ನೊಂದನ್ನು ಇಟ್ಟಳು. ಬೀಪ್.

ನಾನು ಹುಳದ ಮನೆಗೂ ಕೊಟ್ಟಿಗೆಗೂ ಎಷ್ಟು ಸಲ ಓಡಾಡಿದೆನೋ. ಪ್ರತಿ ಸಲ ಪೌಡರ್ ನೀರಿನಲ್ಲಿ ಕಾಲು ತೊಳೆದು ಒಳಗೆ ಹೋಗಬೇಕು. ಅಂಗಾಲು ಉರಿಯುತ್ತಿತ್ತು. ಬಿಸಿಲು ಏರಿದಂತೆ ಹುಳ ಗುಂಪು ಗುಂಪಾಗಿ ಹಣ್ಣಾಗುತ್ತಿದ್ದವು. ಒಂದು ಕಡೆ ಆರಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ತಲೆ ಎತ್ತುತ್ತಿದ್ದವು. ಹುಳದ ಸ್ಟ್ಯಾಂಡಿನ ಕೆಳಗಿನ ಅಂತಸ್ತಿನ ಮೂಲೆಯಲ್ಲಿ ಆಗಲೇ ನೂಲು ಕಾಣಿಸಿತು. ನಾನು ಕೊಟ್ಟಿಗೆಗೆ ನುಗ್ಗಿ, "ಸತ್ತದ್ದಕ್ಕೆ ಎಷ್ಟು ಹೊತ್ತು ಉಸ್ರು ಊದ್ತೀಯಮ್ಮಿ? ಬದ್ಕಿರೋವು ಸಾಯ್ತಾ ಅವೆ ಅಲ್ಲಿ!" ಅಂತ ಕೂಗಾಡಿದೆ.

"ಕೂಗಬೇಡಿ. ಉಬ್ಬಸ ಬರ್ತಿರೋ ಅವಳದೂ ಜೀವ ಕಣ್ರೀ, ಹುಳದ್ದು ಮಾತ್ರ ಅಲ್ಲ."

ನಾನು ಮತ್ತೆ ಕಾಲು ತೊಳೆದು ಹುಳದ ಮನೆಗೆ ಹೋದೆ.

ಹನ್ನೊಂದು ಗಂಟೆಗೆ ಎರಡನೇ ಪಟ್ಟಿಯನ್ನು ಮೂರನೇ ಸಂದಿನಲ್ಲಿ ಕೂರಿಸಿದಾಗ ಕೂಗು ಬದಲಾಯಿತು. ಚಿಕ್ಕದೊಂದು ಬೀಪ್, ಅಷ್ಟೆ. ಪರದೆ ಚಟಚಟ ಅಂದು ಬೆಳಗಿತು. ಬಿಳಿ ಅಕ್ಷರ ಓಡಿದವು. ನಾನೂ ಎಲ್ಲ ಮರೆತು 'ಬಂತು ಬಂತು' ಅಂದೆ. ಬಂದದ್ದು ಅರ್ಧ. ಡಿಸ್ಕ್ ಸಿಗುತ್ತಿಲ್ಲ ಅಂತ ಬರೆದುಕೊಂಡು ನಿಂತುಬಿಟ್ಟಿತು. ದಾಖಲೆ ಇರುವುದೇ ಡಿಸ್ಕಿನಲ್ಲಿ.

ಲತಾಮಣಿ ಡಬ್ಬಕ್ಕೆ ಕಿವಿ ಇಟ್ಟಳು, ನಮ್ಮವ್ವ ಬಸುರಿ ಹಸುವಿನ ಹೊಟ್ಟೆಗೆ ಇಡುತ್ತಾಳಲ್ಲ ಹಾಗೆ. "ತಿರುಗ್ತಾ ಇಲ್ಲ. ಕಚ್ಚಿಕೊಂಡಿದೆ" ಅಂದಳು. ವೈರು ತೆಗೆದು ಹಾಕಿದಳು, ಬೇರೆ ತುದಿಗೆ ಹಾಕಿದಳು, ಪಿನ್ನುಗಳ ಕಿಲುಬು ಕೆರೆದಳು. ಆಗಲಿಲ್ಲ. ಕೊನೆಗೆ ಡಿಸ್ಕನ್ನೇ ಹೊರಗೆ ತೆಗೆದು ಅಂಗೈ ಮೇಲೆ ಮಟ್ಟವಾಗಿ ಹಿಡಿದು ಕಣ್ಣು ಮುಚ್ಚಿದಳು. "ಇದು ಕೊನೇದು. ಇದರಲ್ಲಿ ಏಳಲಿಲ್ಲ ಅಂದ್ರೆ ನಾನೇ ಸೋತೆ" ಅಂತ ಮಣಿಕಟ್ಟನ್ನು ಥಟ್ಟನೆ ತಿರುಗಿಸಿದಳು. ಎರಡು ಸಲ. ಜೋಡಿಸಿ ಗುಂಡಿ ಒತ್ತಿದಳು. ಒಳಗೆ ಎಲ್ಲೋ ದುಂಬಿ ಎದ್ದ ಹಾಗೆ ಸಣ್ಣ ಸದ್ದು ಬಂತು, ಏರುತ್ತ ಹೋಯಿತು. ಲತಾಮಣಿ ನಕ್ಕಳು. ಆಕೆ ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಅಷ್ಟು ಹೊತ್ತಿನ ನನ್ನ ಸಿಟ್ಟು ಅಲ್ಲೇ ಇಳಿಯಿತು.

"ಭಾನುಪ್ರಿಯ, ಬಾರಮ್ಮಾ, ಎದ್ದಿದೆ!" ಅಂತ ನಾನೇ ಕೂಗಿದೆ.

ಆಕೆ ಬಂದಳು. ನಮ್ಮವ್ವನೂ ಹಿಂದೆಯೇ ಬಂದಳು. ನೀಲಿ ಪರದೆಯ ಬೆಳಕಿನಲ್ಲಿ ಭಾನುಪ್ರಿಯಳ ಮುಖದಲ್ಲಿ ರಕ್ತವೇ ಇರಲಿಲ್ಲ. ಲತಾಮಣಿ ಹೆಸರಿನ ಪಟ್ಟಿ ತೆರೆದು, ಬೆರಳು ಇಟ್ಟುಕೊಂಡು ಕೆಳಗೆ ಕೆಳಗೆ ಹೋದಳು. ನಿಂತಳು. ಹೆಸರಿತ್ತು. ಸೇರಿದ ದಿನ ಇತ್ತು. ಅಂಕದ ಜಾಗ ಖಾಲಿ. ಸರ್ಟಿಫಿಕೇಟ್ ನಂಬರಿನ ಜಾಗ ಖಾಲಿ. ಪರೀಕ್ಷೆ ಅನ್ನುವಲ್ಲಿ 'ಆಬ್ಸೆಂಟ್' ಅಂತ ಬರೆದಿತ್ತು.

"ಕಳ್ದೋಗಿಲ್ಲ ಮಿಸ್" ಅಂದಳು ಭಾನುಪ್ರಿಯ. "ಸಿಕ್ಕೇ ಇರ್ಲಿಲ್ಲ."

ಲತಾಮಣಿ ಎದ್ದು ನಿಂತಳು. "ಬೆಳಿಗ್ಗೆಯಿಂದ ಇದನ್ನ ಬಿಚ್ಚಿ ಕೂತಿದೀನಿ. ನನ್ನ ಗಂಡ ಬೆಳೆ ಬಿಟ್ಟು ಓಡಾಡ್ತಿದಾರೆ. ಎಲ್ಲ ನಿನ್ನ ಸುಳ್ಳಿಗಾ? ನಾಚಿಕೆ ಆಗಲ್ವಾ ನಿನಗೆ?"

"ಆಯ್ತದೆ ಮಿಸ್. ಇದು ಏಳಕ್ಕಿಲ್ಲ, ನೀವು ಸಾಕಾಗಿ ಬರ್ಕೊಡ್ತೀರಿ ಅನ್ಕಂಡಿದ್ದೆ." ಆಕೆ ಉಸಿರು ಎಳೆದುಕೊಂಡಳು, ಎದೆಯಲ್ಲಿ ಸಿಳ್ಳೆಯಂಥ ಸದ್ದು. "ಅವತ್ತು ನಾನು ಬಂದಿದ್ದೆ. ನಮ್ಮಪ್ಪನ ಮನೇಲಿ ಹುಳ ಹಣ್ಣಾಗಿದ್ವು. ನಾಕ್ಗಂಟೆಗೇ ಎದ್ದು ಆರಿಸ್ದೆ, ಆದ್ರೂ ಎಂಟೂವರೆ ಬಸ್ಸು ಸಿಗ್ಲಿಲ್ಲ. ಮುಂದಿನ ಬಸ್ಸಲ್ಲಿ ಬಂದಾಗ ಹತ್ತೂ ಇಪ್ಪತ್ತು. ಬಾಗ್ಲು ಹಾಕಿತ್ತು. ತಟ್ಟಿದೆ. ತೆಗೀಲಿಲ್ಲ. ಮೆಟ್ಲ ಮೇಲೆ ಒಸಿ ಹೊತ್ತು ಕುಂತಿದ್ದು ಊರಿಗೆ ಹೋದೆ. ಫೇಲಾದೆ ಅಂತ ಹೆಂಗೆ ಹೇಳ್ಲಿ? ಬರ್ದೇ ಇಲ್ವಲ್ಲ. ಪಾಸಾದೆ ಅಂದ್ಬುಟ್ಟೆ. ಗಂಡನ ಮನೇಲೂ ಅದೇ ಹೇಳಿವ್ನಿ. ಆರು ತಿಂಗ್ಳು ಕಲ್ತಿದ್ದು ಮಾತ್ರ ಸುಳ್ಳಲ್ಲ ಮಿಸ್."

ಹತ್ತು ಗಂಟೆಗೆ ಸರಿಯಾಗಿ ಬಾಗಿಲ ಚಿಲಕ ಹಾಕುವುದು ಲತಾಮಣಿಯ ಕೇಂದ್ರದ ನಿಯಮವಾಗಿತ್ತು. ಆಗ ಆಕೆಗೆ ಹುಳ ಅಂದರೆ ಏನಂತಲೂ ಗೊತ್ತಿರಲಿಲ್ಲ.

ನಮ್ಮವ್ವ ಕೈಯಲ್ಲಿದ್ದ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು, "ಹುಳ ಹಣ್ಣಾದ್ ದಿನ ಹೊತ್ಗೆ ಸರ್ಯಾಗಿ ಯಾವ್ಳವ್ವ ಎಲ್ಗೋಗಕ್ಕಾಯ್ತದೆ? ನಾನು ನಮ್ಮಪ್ಪನ ಹೆಣ ನೋಡಕ್ಕೇ ಹೊತ್ತು ಮೀರಿ ಹೋದೋಳು. ಮಣ್ಣಾಗೋಗಿತ್ತು. ಯಾರೂ ಯಾಕ್ ತಡ ಅಂತ ಕೇಳ್ಲಿಲ್ಲ" ಅಂದಳು. ಇದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಲತಾಮಣಿ ಆ ತಟ್ಟೆಯಲ್ಲಿ ತಲೆ ಆಡಿಸುತ್ತಿದ್ದ ಹುಳಗಳನ್ನು ನೋಡಿದಳು, ಭಾನುಪ್ರಿಯಳ ಕೈ ನೋಡಿದಳು. ಆಕೆಯ ಬೆರಳಿಗೆಲ್ಲ ಹುಳದ ಹಳದಿ ನೀರು ಅಂಟಿತ್ತು.

"ಕೈ ತೊಳ್ಕೊಂಡು ಬಾ. ಪರೀಕ್ಷೆ ಬರಿ."

"ಈಗ್ಲಾ ಮಿಸ್?"

"ಮೂರಕ್ಕೆ ಸಂದರ್ಶನ ಅಂದೆ. ಈಗಲ್ದೆ ಇನ್ಯಾವಾಗ?"

ಹನ್ನೆರಡು ಹತ್ತಕ್ಕೆ ಪರೀಕ್ಷೆ ಶುರುವಾಯಿತು. ಬೂಸಾ ಡ್ರಮ್ಮಿನ ಮುಂದೆ ಹಾಲು ಕರೆಯುವ ಮಣೆ ಹಾಕಿಕೊಂಡು ಭಾನುಪ್ರಿಯ ಕೂತಳು. ಹುಳದ ತಟ್ಟೆಗೆ ಹಾಸಲು ತಂದಿದ್ದ ಹಳೆಯ ಪತ್ರಿಕೆ ಹಿಡಿದು ಲತಾಮಣಿ ನಿಂತು ಓದಿದಳು, ಆಕೆ ಕೇಳಿಕೊಂಡು ಟೈಪು ಮಾಡಿದಳು. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಮೇಲೆ ಬರುತ್ತಿರಲಿಲ್ಲ, ಉಗುರು ಹಾಕಿ ಎಬ್ಬಿಸಿ ಎಬ್ಬಿಸಿ ಹೊಡೆದಳು. ಆಮೇಲೆ ಒಂದು ಅರ್ಜಿ, ಒಂದು ಕೋಷ್ಟಕ. ನಾನು ಹುಳ ಆರಿಸುತ್ತ ಕಿಟಕಿಯಿಂದ ಇಣುಕುತ್ತಿದ್ದೆ. ಕರೆಂಟು ಹೋದರೆ ಎಲ್ಲ ಮುಗಿಯಿತು, ಮಧ್ಯಾಹ್ನ ಅದು ಹೇಳಿ ಹೋಗುವುದಿಲ್ಲ. ಕಂಡ ಕಂಡ ದೇವರಿಗೆಲ್ಲ ಕೈ ಮುಗಿದೆ. ಯಾರ ಬೆಳೆಗೆ ಮುಗಿದೆ, ಯಾರ ಪರೀಕ್ಷೆಗೆ ಮುಗಿದೆ ಅಂತ ನನಗೇ ತಿಳಿಯಲಿಲ್ಲ.

ಒಂದು ಗಂಟೆಗೆ ಮುಗಿಯಿತು. ಲತಾಮಣಿ ಪರದೆಯ ಮೇಲೆ ತಪ್ಪು ಎಣಿಸಿದಳು. ಏಳು. ತಪ್ಪಿಗೆ ಆರು ಅಂಕ ಕಳೆದರೆ ನೂರಕ್ಕೆ ಐವತ್ತೆಂಟು, ಪಾಸು.

"ಇನ್ನೆರಡು ಹಾಕಮ್ಮಿ, ಫಸ್ಟ್ ಕ್ಲಾಸ್ ಆಯ್ತದೆ. ಆ ಗುಂಡಿ ಕೆಡ್ಸಿದ್ದು ನಾನಲ್ವಾ" ಅಂದೆ.

ಆಕೆ ನನ್ನ ಕಡೆ ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಭಾನುಪ್ರಿಯ ಮಾತ್ರ ಐವತ್ತೆಂಟು ಅನ್ನುವುದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡಳು.

ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಖಾಲಿ ಸರ್ಟಿಫಿಕೇಟುಗಳು ಉಳಿದಿದ್ದವು. ನೀಲಿ ಅಂಚು, ಮೇಲೆ ಲತಾಮಣಿಯ ಕೇಂದ್ರದ ಹೆಸರು. ತಾರೀಕಿನ ಜಾಗದಲ್ಲಿ '200' ಅಂತ ಮೊದಲೇ ಅಚ್ಚಾಗಿತ್ತು, ಮುಂದೆ ಒಂದು ಅಂಕಿಗೆ ಮಾತ್ರ ಜಾಗ.

"ಹಳೇ ತಾರೀಕೇ ಹಾಕ್ತೀರಾ ಮಿಸ್?" ಭಾನುಪ್ರಿಯ ಮೆಲ್ಲಗೆ ಕೇಳಿದಳು.

"ಬರೆದದ್ದು ಇವತ್ತು. ಇವತ್ತಿನ ತಾರೀಕು." ಲತಾಮಣಿ ಅಚ್ಚಾದದ್ದನ್ನು ಗೀಟು ಎಳೆದು ಹೊಡೆದು, ಪಕ್ಕದಲ್ಲಿ 2025 ಅಂತ ಬರೆದು, ತಿದ್ದಿದ್ದಕ್ಕೂ ಒಂದು ಸಹಿ ಹಾಕಿದಳು. ಪಟ್ಟಿಯಲ್ಲಿ ಆರುನೂರ ಹನ್ನೆರಡು ಅಂತ ಸೇರಿಸಿದಳು. ಒಣಗಿದ ಸೀಲಿನ ಪ್ಯಾಡಿಗೆ ನೀರು ಚಿಮುಕಿಸಿ ಒತ್ತಿದರೆ ಅರ್ಧ ಮುದ್ರೆ ಬಿತ್ತು. ಆ ಕಾಗದ ನೋಡಿದರೆ ಯಾರಿಗಾದರೂ ನಕಲಿ ಅಂತ ಅನುಮಾನ ಬರುವಂತಿತ್ತು. ಅಷ್ಟು ಅಸಲಿ ಕಾಗದವನ್ನು ನಾನು ಕಂಡಿಲ್ಲ.

ಒಂದೂ ಮುಕ್ಕಾಲು. ಬಸ್ಸು ಹೋಗಿತ್ತು. ನಾನು ಗಾಡಿ ತೆಗೆದು ಆಕೆಯನ್ನು ಚನ್ನಪಟ್ಟಣದ ಬಸ್ ಸ್ಟ್ಯಾಂಡಿಗೆ ಬಿಟ್ಟೆ. ದಾರಿಯುದ್ದಕ್ಕೂ ಆಕೆ ಫೈಲನ್ನು ಎದೆಗೆ ಒತ್ತಿಕೊಂಡಿದ್ದಳು. ವಾಪಸು ಬಂದು ನೋಡಿದರೆ ಕೆಳಗಿನ ಎರಡು ಅಂತಸ್ತಿನಲ್ಲಿ ಹುಳಗಳು ಹಿಕ್ಕೆಯ ಮೇಲೇ ಗೂಡು ಹಿಡಿದಿದ್ದವು. ಲತಾಮಣಿ, ಅವ್ವ ಇಬ್ಬರೂ ತಲೆ ಎತ್ತದೆ ಆರಿಸುತ್ತಿದ್ದರು. ನಾನೂ ಕೂತೆ. ಬೈಯುವ ಮನಸ್ಸು ಬರಲಿಲ್ಲ.

ಐದೂವರೆಗೆ ಫೋನು ಬಂತು. ಲತಾಮಣಿಯ ಎರಡು ಕೈಯಲ್ಲೂ ಹುಳ, ನಾನೇ ಸ್ಪೀಕರಿಗೆ ಹಾಕಿ ಹಿಡಿದೆ.

"ಮಿಸ್, ಸೋಮ್ವಾರದಿಂದ ಬಾ ಅಂದವ್ರೆ!" ಭಾನುಪ್ರಿಯ ಎಲ್ಲೋ ರಸ್ತೆ ಬದಿ ನಿಂತಿರಬೇಕು, ಬಸ್ಸುಗಳ ಗದ್ದಲ. "ತಾರೀಕು ನೋಡಿ, ಇದೇನಮ್ಮ ಇವತ್ತಿಂದು ಅಂದ್ರು. ಇವತ್ತೇ ಪರೀಕ್ಷೆ ಬರ್ದೆ ಸಾರ್ ಅಂದೆ. ನಕ್ಬುಟ್ರು. ಆಮೇಲೆ ಅಲ್ಲೇ ಕುಂಡ್ರಿಸಿ ಟೈಪು ಮಾಡ್ಸುದ್ರು. ಮೂರೇ ತಪ್ಪು ಮಿಸ್."

"ಒಳ್ಳೇದಾಯ್ತು ಕಣವ್ವ, ಒಳ್ಳೇದಾಯ್ತು" ಅಂತ ನಮ್ಮವ್ವ ಕೂತಲ್ಲಿಂದಲೇ ಕೂಗಿದಳು. ಏನಾದರೂ ಅನ್ನು ಅಂತ ನಾನು ಲತಾಮಣಿಗೆ ಕಣ್ಣಿನಲ್ಲೇ ಹೇಳಿದೆ. ಆಕೆ ಫೋನಿನ ಹತ್ತಿರ ಬಂದಳು.

"ಭಾನುಪ್ರಿಯ, ಅವತ್ತು ನೀನು ಬಾಗಿಲು ತಟ್ಟಿದ್ದು ನನಗೆ ಕೇಳಿಸಿತ್ತು. ಬೇಕಂತಲೇ ತೆಗೀಲಿಲ್ಲ. ತಡವಾಗಿ ಬಂದೋಳಿಗೆ ಬುದ್ಧಿ ಬರ್ಲಿ ಅಂತ ಬಿಟ್ಟೆ. ಕೊಟ್ಟಿಗೇಲಿ ನೀನು ಅಂದಾಗ್ಲೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

ಅತ್ತ ಕಡೆ ಒಂದು ಬಸ್ಸು ಹಾರನ್ನು ಹೊಡೆದು ಹೋಯಿತು.

"ಗೊತ್ತು ಮಿಸ್" ಅಂದಳು ಭಾನುಪ್ರಿಯ. "ನೀವು ಒಳಗೆ ಡಿಕ್ಟೇಷನ್ ಓದ್ತಾ ಇದ್ರಿ. ನಾನು ತಟ್ಟಿದ ತಕ್ಷಣ ನಿಲ್ಸುದ್ರಿ. ಎದ್ದು ಬತ್ತೀರಿ ಅಂತ ದುಪಟ್ಟಾ ಸರಿ ಮಾಡ್ಕಂಡೆ. ಆಮೇಲೆ ನಿಲ್ಸಿದ ಕಡೆಯಿಂದ್ಲೇ ಮತ್ತೆ ಓದಕ್ಕೆ ಸುರು ಮಾಡುದ್ರಿ."

ಲತಾಮಣಿ 'ತಪ್ಪಾಯ್ತು ಕಣೇ' ಅಂದಳು, ಅಳುತ್ತಿದ್ದಳು. ಕಣ್ಣೊರೆಸಿಕೊಳ್ಳಲು ಆಕೆಗೆ ಕೈ ಬಿಡುವಿರಲಿಲ್ಲ. ನಾನು ಫೋನು ಹಿಡಿದುಕೊಂಡೇ ನಿಂತಿದ್ದೆ.